ಪೊರಕೆಯೋ, ರೋಬೋಟೋ?

ಪೊನ್ನಂಪೇಟೆಯ ಗೃಹಿಣಿ:
ನಾವು ಕೊಂಡ ನೆಲ ಗುಡಿಸುವ ರೋಬೋಟ್ ಕಪ್ಪು ಜಮಖಾನದ ಅಂಚಿಗೆ ಬಂದೊಡನೆ ಹಿಂದಿರುಗುತ್ತದೆ. ಹಳೆಯ ಮನೆಯ ಎತ್ತರದ ಹೊಸ್ತಿಲನ್ನಂತೂ ದಾಟುವುದೇ ಇಲ್ಲ. ಇದರಿಂದ ಏನೇನಾಗುತ್ತದೆ ಎಂದು ಬಣ್ಣಿಸುವ ಮಾರಾಟಗಾರರು, ಏನಾಗದು ಎಂಬುದನ್ನೂ ಮೊದಲೇ ಹೇಳಬೇಡವೇ?

ಕುಶಾಲನಗರದ ಇಂಜಿನಿಯರ್:
ಅದು ದೋಷವಲ್ಲ. ಮೆಟ್ಟಿಲಿನಿಂದ ಉರುಳದಿರಲೆಂದು ಯಂತ್ರದ ಅಡಿಯಲ್ಲಿ ಅವಗೆಂಪು ಕಿರಣ ಬಿಡುವ ಸೆನ್ಸರ್‌ಗಳಿರುತ್ತವೆ. ಕಿರಣ ಮರಳಿ ಬಾರದಿದ್ದರೆ ಮುಂದೆ ಪ್ರಪಾತವಿದೆಯೆಂದು ಅದು ಲೆಕ್ಕ ಹಾಕುತ್ತದೆ. ಕಪ್ಪು ಬಣ್ಣ ಕಿರಣವನ್ನು ಹೀರಿಕೊಳ್ಳುವುದರಿಂದ ನಿಮ್ಮ ಜಮಖಾನವೂ ಅದರ ಪಾಲಿಗೆ ಪ್ರಪಾತವೇ. ಕೈಪಿಡಿ ಓದಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ರೋಬೋಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಸಿದ್ದಾಪುರದ ಬೆಳೆಗಾರ:
"ರೋಬೋಟ್" ಎಂಬ ಪದವನ್ನು ಇಷ್ಟು ಅಗ್ಗ ಮಾಡಬೇಡಿ. 2023ರಲ್ಲಿ ತ್ರಿಶೂರಿನ ದೇವಸ್ಥಾನವೊಂದಕ್ಕೆ ಬಂದ ಯಂತ್ರದಾನೆ ತಲೆ, ಕಿವಿ, ಬಾಲಗಳನ್ನು ಆಡಿಸುತ್ತದೆ. ರೋಬೋಟ್ ಎಂದರೆ ಅದು, ಗಾಲಿ ಕಟ್ಟಿಕೊಂಡ ಪೊರಕೆಯಲ್ಲ.

ಕುಶಾಲನಗರದ ಇಂಜಿನಿಯರ್:
ಮೋಟಾರು ತಿರುಗಿದರೆ ಕಿವಿ ಆಡುತ್ತದೆ, ಅಷ್ಟೇ. ಎದುರಿಗೆ ಯಾರು ನಿಂತಿದ್ದಾರೆಂದು ಆ ಆನೆ ಅರಿಯದು. ಸುತ್ತಲನ್ನು ಗ್ರಹಿಸಿ, ತಾನೇ ನಿರ್ಧರಿಸಿ, ಚಲಿಸುವ ಯಂತ್ರವಷ್ಟೇ ರೋಬೋಟ್. ನೀವು ಹೀಗಳೆದ ಪೊರಕೆ ಆ ಮೂರನ್ನೂ ಮಾಡುತ್ತದೆ.

ಸಿದ್ದಾಪುರದ ಬೆಳೆಗಾರ:
ಆನೆಯ ವಿಷಯದಲ್ಲಿ ಸಿದ್ದಾಪುರದವರಿಗೆ ಪಾಠ ಬೇಡ, ಸ್ವಾಮಿ!

ಮಡಿಕೇರಿಯ ಉಪನ್ಯಾಸಕ:
"ತಾನೇ ನಿರ್ಧರಿಸಿ" ಎಂದಿರಾ? ಶಸ್ತ್ರಚಿಕಿತ್ಸೆಯ ಡಾ ವಿಂಚಿ ಯಂತ್ರದ ತೋಳುಗಳು ಕನ್ಸೋಲಿನ ಮುಂದೆ ಕುಳಿತ ವೈದ್ಯರ ಕೈ ಚಲಿಸಿದಂತೆ ಮಾತ್ರ ಚಲಿಸುತ್ತವೆ. ಆದರೂ ಲೋಕವೆಲ್ಲ ಅದನ್ನು ರೋಬೋಟ್ ಎಂದೇ ಕರೆಯುತ್ತದೆ. ಅಷ್ಟಕ್ಕೂ ಈ ಪದದ ಮೂಲದಲ್ಲಿರುವುದು ಬಿಟ್ಟಿ ಚಾಕರಿ ಎಂಬ ಅರ್ಥದ ಚೆಕ್ ಪದ. ಅದರಲ್ಲಿ ನಿರ್ಧಾರದ ಸೋಂಕೇ ಇಲ್ಲ.

ಸಿದ್ದಾಪುರದ ಬೆಳೆಗಾರ:
ಬಿಟ್ಟಿ ಚಾಕರಿಯಾದರೆ ನನ್ನ ತೋಟಕ್ಕೆ ನಾಲ್ಕನ್ನು ಕಳುಹಿಸಿ. ಒಂದೇ ಗೊಂಚಲಿನಲ್ಲಿ ಹಣ್ಣೂ ಹಸಿರುಕಾಯಿಯೂ ಇರುವ ಕಾಫಿಯನ್ನು, ಕಾಲು ಜಾರುವ ಇಳಿಜಾರಿನಲ್ಲಿ, ಸಿಲ್ವರ್ ಓಕಿನ ನೆರಳಿನಲ್ಲಿ ನಿಂತು ಅವು ಆಯ್ದು ಕೊಯ್ಯಲಿ, ನೋಡೋಣ.

ಕುಶಾಲನಗರದ ಇಂಜಿನಿಯರ್:
ಬ್ರೆಜಿಲಿನಲ್ಲಿ ಕಾಫಿಯನ್ನು ಯಂತ್ರಗಳು ಎಂದಿನಿಂದಲೋ ಕೊಯ್ಯುತ್ತಿವೆ.

ಸಿದ್ದಾಪುರದ ಬೆಳೆಗಾರ:
ಸಮತಟ್ಟಾದ ನೆಲದಲ್ಲಿ, ಗಿಡದ ಸಾಲಿನ ಮೇಲೆ ಹಾದು, ಅದುರುವ ಕೋಲುಗಳಿಂದ ಗಿಡವನ್ನು ಅಲುಗಿಸಿ ಹಣ್ಣುದುರಿಸುವ, ಚಾಲಕನೊಬ್ಬ ನಡೆಸುವ ಯಂತ್ರವದು. ನಿಮ್ಮದೇ ವ್ಯಾಖ್ಯೆಯಂತೆ ಅದು ರೋಬೋಟೇ ಅಲ್ಲ.

ಪೊನ್ನಂಪೇಟೆಯ ಗೃಹಿಣಿ:
ಆನೆ, ಕಾಫಿ ಎಲ್ಲ ಮುಗಿಯಿತೇ? ಕೈಪಿಡಿ ಓದಲಿಲ್ಲವೆಂದಿದ್ದಿರಿ, ಇಂದು ಓದಿದೆ. ಕಪ್ಪು ನೆಲದ ಎಚ್ಚರಿಕೆ ಕೊನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ, ಇರುವೆಯಷ್ಟು ಅಕ್ಷರಗಳಲ್ಲಿದೆ. "ಎಲ್ಲವನ್ನೂ ತಾನೇ ಅರಿಯುತ್ತದೆ" ಎಂಬ ಮಾತು ಮಾತ್ರ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿದೆ.

ಕುಶಾಲನಗರದ ಇಂಜಿನಿಯರ್:
ಕೊನೆಯ ಪುಟವೂ ಕೈಪಿಡಿಯ ಪುಟವೇ.