ಒಳಗಿನ ಆಂಟೆನಾಕ್ಕ ಹುಬ್ಬಳ್ಳ್ಯಾಗ ಚಾನೆಲ್ ಬರ್ತಾವೇನು?

ಸುಮಾ ಅತ್ತಿ (ಹುಬ್ಬಳ್ಳಿ): [ಫಾರ್ವರ್ಡ್] "ಟಿವಿ ಹಿಂದೆ ಅಂಟಿಸುವ ತೆಳು ಆಂಟೆನಾ. ಕೇಬಲ್ ಬೇಡ, ಡಿಶ್ ಬೇಡ, ರೀಚಾರ್ಜ್ ಬೇಡ. 200 ಚಾನೆಲ್ ಉಚಿತ. ಬೂಸ್ಟರ್ ಜೊತೆಗೆ."

ಸುಮಾ ಅತ್ತಿ: ತರಸ್ಬೇಕಂತ ಮಾಡೇನಿ. ಏನಂತೀರಿ?

ಗದಗ ಕಾಕಾ: ಬ್ಯಾಡ. ಆಂಟೆನಾದ್ದಲ್ಲ ತಪ್ಪು, ಅದು ಹಿಡಿಯೂ ಸಿಗ್ನಲ್ಲ ನಮ್ಮ ಕಡೆ ಗಾಳ್ಯಾಗ ಇಲ್ಲ. ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್ 2022ರ ಮಾರ್ಚ್ ಹೊತ್ತಿಗೆ ಬಹುತೇಕ ಎಲ್ಲಾ ಬಂದ್ ಆದ್ವು.

ಪ್ರವೀಣ (ಹಾವೇರಿ): ಅನಲಾಗ್ ಹೋತು, ಡಿಜಿಟಲ್ ಬಂತಲ್ಲ ಕಾಕಾ. ಡಿವಿಬಿ-ಟಿ2, ಗಾಳ್ಯಾಗ ಬರೂ ಡಿಜಿಟಲ್ ಟಿವಿ. ಹೊಸಾ ಟಿವಿ ಎಷ್ಟೋದರಾಗ ಅದನ್ನ ಹಿಡಿಯೂ ಟ್ಯೂನರ್ ಒಳಗ ಇರ್ತೈತಿ.

ಗದಗ ಕಾಕಾ: ಟ್ಯೂನರ್ ಇದ್ರ ಸಾಕೇನು? ಅದು 2016ರಾಗ 16 ಊರಾಗ ಚಾಲೂ ಆತು, ಕರ್ನಾಟಕದಾಗ ಬೆಂಗಳೂರು ಒಂದ. ಅಲ್ಲಿಂದ ಹುಬ್ಬಳ್ಳಿಗೆ 400 ಕಿ.ಮೀ. ಅದು ಬರೂ ಯುಎಚ್‌ಎಫ್ ರೇಡಿಯೋ ಅಲೆ ಭೂಮಿ ಡೊಂಕಿಗೆ ತಕ್ಕಂಗ ಬಾಗೂದಿಲ್ಲ. ಮಾಳಗಿ ಮ್ಯಾಲೆ ದೊಡ್ಡ ಯಾಗಿ (ಕಡ್ಡಿ ಕಡ್ಡಿ ಇರೂ ಹಳೇ ತರದ ಆಂಟೆನಾ) ಏರಿಸಿದ್ರೂ ಅಷ್ಟು ದೂರದ್ದು ಸಿಗೂದಿಲ್ಲ.

ಪ್ರವೀಣ: ಬೂಸ್ಟರ್ ಇದ್ರ?

ವಿದ್ಯಾ (ಧಾರವಾಡ): ಬೂಸ್ಟರ್ ಇದ್ದದ್ದನ್ನ ದೊಡ್ಡದ ಮಾಡ್ತೈತಿ, ಇಲ್ಲದ್ದನ್ನ ಹುಟ್ಟಸೂದಿಲ್ಲ. ಬರೇ ಗದ್ದಲ ಹೆಚ್ಚಾಗ್ತೈತಿ, ಸ್ಕ್ಯಾನ್ ಮಾಡಿದ್ರ 0 ಚಾನೆಲ್. ಅತ್ತಿ, ರೊಕ್ಕ ಕೊಡದ ನೋಡೂದು ಅಂದ್ರ ದೂರದರ್ಶನದ ಉಚಿತ ಡಿಟಿಎಚ್, ಡಿಡಿ ಫ್ರೀ ಡಿಶ್ ಒಂದ ದಾರಿ. ತಿಂಗಳ ಬಾಡಿಗಿ ಇಲ್ಲ, ಡಿಡಿ ಚಂದನ ಬರ್ತೈತಿ. ಖಾಸಗಿ ಕನ್ನಡ ಮನರಂಜನೆ ಚಾನೆಲ್ ಎಲ್ಲಾ ಸಿಗ್ತಾವ ಅಂತ ಮಾತ್ರ ತಿಳ್ಕೋಬ್ಯಾಡ್ರಿ. ಖಾಸಗಿ ಚಾನೆಲ್‌ಗೆ ಅಲ್ಲಿ ಜಾಗಾ ಹರಾಜಿನ್ಯಾಗ ಸಿಗ್ತೈತಿ, ಅದಕ್ಕ ಚಾನೆಲ್ ಬದಲಾಗ್ತಿರ್ತಾವ.

ಸುಮಾ ಅತ್ತಿ: ಮಾಳಗಿ ಮ್ಯಾಲೆ ಹಳೇ ಡಿಟಿಎಚ್ ತಟ್ಟಿ ಐತಿ. ಅದ ಆಗ್ತೈತೇನು?

ಪ್ರವೀಣ: ಬ್ಯಾಡ್ರಿ, ಹೊಸಾ 90 ಸೆಂ.ಮೀ. ಹಚ್ಚಸ್ರಿ. ಶ್ರಾವಣದ ಮಳ್ಯಾಗ 60 ಸೆಂ.ಮೀ. ಉಳಿಯೂದಿಲ್ಲ.

ಗದಗ ಕಾಕಾ: ಆಗ್ತೈತಿ. 60 ಸೆಂ.ಮೀ. ತಟ್ಟಿ, ಮ್ಯಾಲೆ 9750/10600 ಅಂತ ಬರದ ಎಲ್‌ಎನ್‌ಬಿ (ತಟ್ಟಿ ಮುಂದಿನ ತೋಳಿನ ತುದ್ಯಾಗ ಸಿಗ್ನಲ್ ಹಿಡಿಯೂ ಭಾಗ) ಇದ್ರ ಸಾಕು. ಹಳೇ ಡಬ್ಬಿ ಉಪಯೋಗಿಲ್ಲ, ಎಂಪೆಗ್-4 ಫ್ರೀ ಡಿಶ್ ಡಬ್ಬಿ ತಗೋ. ಟಿವಿ ಹಿಂದ ತಿರುವಿ ಬಿಗಿಯೂ ಸ್ಯಾಟಲೈಟ್ ಸಾಕೆಟ್ ಇದ್ರ ಡಬ್ಬೀನೂ ಬ್ಯಾಡ. ಒತ್ತಿ ಸಿಗಿಸೂ ಸಾಕೆಟ್ ಅದಲ್ಲ, ಅದು ಗಾಳಿ ಆಂಟೆನಾದ್ದು.

ವಿದ್ಯಾ: ಎಲ್ಲಾರೂ ಕೆಡಸೂದು ತಟ್ಟಿ ತಿರುವೂ ಮುಂದ. ಉಪಗ್ರಹ ಜಿಸ್ಯಾಟ್-15, 93.5° ಪೂರ್ವ. ಹುಬ್ಬಳ್ಳಿಂದ ಅದು ಉತ್ತರದಿಂದ ಸುಮಾರು 129°ಗೆ, ಅಂದ್ರ ಆಗ್ನೇಯಕ್ಕ, 62° ಎತ್ತರದಾಗ. ಆದ್ರ ನಮ್ಮ ತಟ್ಟಿ ಆಫ್‌ಸೆಟ್, ಅಂದ್ರ ಎಲ್‌ಎನ್‌ಬಿ ನಟ್ಟನಡುವ ಅಲ್ಲ, ಕೆಳಗ ಇರೂದು, ಅದರ ಮುಖ ನೆಟ್ಟಗಿಂದ ಸುಮಾರು 38° ಅಷ್ಟ ಹಿಂದಕ್ಕ ವಾಲಿರ್ತೈತಿ. ಆಕಾಶಕ್ಕ ಮುಖ ಮಾಡಿದ್ರ ಸಿಗ್ನಲ್ ತಪ್ಪತೈತಿ.

ವಿದ್ಯಾ: ಮೊದಲು ಕಂಬ ಲೆವೆಲ್ ಹಿಡದು ನೆಟ್ಟಗ ಮಾಡ್ಬೇಕು. ಮೊಬೈಲ್ ದಿಕ್ಸೂಚಿ ಕಬ್ಬಿಣದ ಕಂಬದಿಂದ ದೂರ ನಿಂತು ನೋಡ್ಬೇಕು, ಹತ್ರ ಹಿಡಿದ್ರ ಸುಳ್ಳು ತೋರಸ್ತೈತಿ. ಡಬ್ಬ್ಯಾಗ ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ ತಟ್ಟೀನ ಬೆರಳಿನಷ್ಟು ಸರಸಿ ನಿಲ್ಲಸಿ ಕಾಯ್ರಿ. ಡಬ್ಬಿ ಹಿಡಕೊಳ್ಳಾಕ ಹೊತ್ತು ಬೇಕು, ಸರಸರ ತಿರುವಿದ್ರ ದಾಟಿ ಹೋಗ್ತೈತಿ.

ಪ್ರವೀಣ: ಸ್ಟ್ರೆಂತ್ 80 ಬಂದ್ರ ಬಿಗಿಯೂದ.

ಗದಗ ಕಾಕಾ: ಇಲ್ಲ ಪ್ರವೀಣ, ಇಲ್ಲೇ ಮೋಸ ಆಗೂದು. ಎಲ್‌ಎನ್‌ಬಿಗೆ ಕರೆಂಟ್ ಮುಟ್ಟಿದ್ರ ಸಾಕು, ಸ್ಟ್ರೆಂತ್ ಮ್ಯಾಲೆ ಬರ್ತೈತಿ. ಕ್ವಾಲಿಟಿ ನೋಡು. ಪಕ್ಕದಾಗ 95° ಪೂರ್ವಕ್ಕ ಇನ್ನೊಂದು ಉಪಗ್ರಹ ಐತಿ, ಬರೇ 1.5° ಆಚೆ. ಅಲ್ಲಿಗೆ ತಿರುಗಿದ್ರ ಸ್ಟ್ರೆಂತ್ ತುಂಬ, ಚಾನೆಲ್ ಒಂದೂ ಇಲ್ಲ.

ವಿದ್ಯಾ: ಎಲ್‌ಎನ್‌ಬಿ ಮರೀಬ್ಯಾಡ್ರಿ. ನಮ್ಮ ಕಡೆ ಅದನ್ನ ಹಿಡಿಕಿಯೊಳಗ 45°ರಿಂದ 50°ರಷ್ಟು ತಿರುವಬೇಕು. ತಟ್ಟಿ ಹಿಂದ ನಿಂತು ಉಪಗ್ರಹದ ಕಡೆ ನೋಡಿದಾಗ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ. ನೆಟ್ಟಗ ಬಿಟ್ರ ಕ್ವಾಲಿಟಿ ಅರ್ಧಕ್ಕ ನಿಲ್ತೈತಿ, ಮೋಡ ಬಂದ ಕೂಡಲೇ ಚಿತ್ರ ಒಡೀತೈತಿ. ಮಳಿಗೆ ತಟ್ಟಿ ಸಣ್ಣದಾತು ಅಂತ ಬೈಯ್ಯೂ ಮನ್ಯಾಗ ಬಾಳ ಕಡೆ ಇದ ಕಾರಣ.

ಪ್ರವೀಣ: ಅದು ಖರೆ. ಆದ್ರೂ 90 ಇದ್ರ ಮಳ್ಯಾಗ ಸಿಗ್ನಲ್ ಒಂದೀಟು ಹೆಚ್ಚಿಗಿ ಉಳೀತೈತಿ. ಧಾರವಾಡದ ಮಳಿ ಗದಗಿನಂಗ ಅಲ್ಲ ಕಾಕಾ.

ಗದಗ ಕಾಕಾ: ಹೆಚ್ಚಿಗಿ ಉಳೀತೈತಿ, ಒಪ್ಪತೀನಿ. ಆದ್ರ ದೊಡ್ಡ ತಟ್ಟಿ ಸಿಗ್ನಲ್ ಹಿಡಿಯೂ ನೋಟದ ಅಗಲ ಸಣ್ಣದು: 60 ಸೆಂ.ಮೀ.ಗೆ ಸುಮಾರು 3°, 90ಕ್ಕ 2°. ಗಾಳಿಗೆ ಅದ ಮೊದಲು ಅಲಗಾಡೂದು. ಕಂಬಕ್ಕ ಗಟ್ಟಿ ಬುನಾದಿ ಇಲ್ಲದ ಮಾಳಗಿಗೆ 60 ಲೇಸು.

ಸುಮಾ ಅತ್ತಿ: ಟಿವಿ ಎರಡು ಅದಾವ. ಎರಡು ತಟ್ಟಿ ಬೇಕೇನು?

ವಿದ್ಯಾ: ಬ್ಯಾಡ. ಫ್ರೀ ಡಿಶ್ ಎಲ್ಲಾ ವರ್ಟಿಕಲ್, ಫ್ರೀಕ್ವೆನ್ಸಿ ಎಲ್ಲಾ 11700ಕ್ಕಿಂತ ಕೆಳಗ. ಅದಕ್ಕ ಎರಡೂ ಡಬ್ಬಿ ಎಲ್‌ಎನ್‌ಬಿಗೆ ಕೇಳೂದು ಒಂದ. ಸ್ಯಾಟಲೈಟ್ ಸ್ಪ್ಲಿಟರ್ ಒಂದು ಹಾಕ್ರಿ, ಒಂದು ಕಡೆಯಿಂದ ಕರೆಂಟ್ ದಾಟೂದು. ಆ ಕಡೆ ಡಬ್ಬಿ ಯಾವಾಗ್ಲೂ ಚಾಲೂ ಇರ್ಬೇಕು, ಇಲ್ಲಾಂದ್ರ ಎರಡೂ ಕಪ್ಪು. ಬ್ಯಾರೆ ಡಿಟಿಎಚ್‌ಗೆ ಈ ಉಪಾಯ ನಡೀತೈತಿ ಅಂತ ತಿಳ್ಕೋಬ್ಯಾಡ್ರಿ.

ಗದಗ ಕಾಕಾ: ಕೇಬಲ್ ಆರ್‌ಜಿ-6 ತಗೋ. ಎಲ್‌ಎನ್‌ಬಿ ಕನೆಕ್ಟರ್‌ಗೆ ರಬ್ಬರ್ ಟೇಪ್ ಸುತ್ತು, ಅದರ ಕೆಳಗ ಕೇಬಲ್ ಒಂದು ಸುತ್ತು ಇಳಿಬಿಡು, ನೀರು ಅಲ್ಲೇ ಹನಿಲಿ. ಒಳಗ ನೀರು ಹೋದ್ರ ತಾಮ್ರ ಹಸಿರಾಗ್ತೈತಿ, ಮೊದಲ ಮಳಿಗೆ ಚೊಲೋ ಇದ್ದದ್ದು ದಸರಾಕ್ಕ ಸಾಯ್ತೈತಿ.

ಪ್ರವೀಣ: ಫ್ಲಾಟ್‌ನವ್ರಿಗೆ ಮಾಳಗಿ ಸಿಗದಿದ್ರ?

ವಿದ್ಯಾ: ಬಾಲ್ಕನಿ ಆಗ್ನೇಯಕ್ಕ ಇರ್ಬೇಕು, ಮ್ಯಾಲಿನ ಸ್ಲ್ಯಾಬ್ 62° ನೋಟಕ್ಕ ಅಡ್ಡ ಬರಬಾರದು. ಮಾರ್ಚ್ ನಡುವ ಇಲ್ಲಾ ಸೆಪ್ಟೆಂಬರ್ ಕೊನೀಗೆ, ಬೆಳಿಗ್ಗೆ 11ರ ಆಜುಬಾಜು ಸೂರ್ಯ ಅದ ಜಾಗಕ್ಕ ಬರ್ತಾನ. ಆಗ ಬಾಲ್ಕನ್ಯಾಗ ಎಲ್ಲಿ ಬಿಸಿಲು ಬೀಳ್ತೈತಿ, ಅಲ್ಲಿ ತಟ್ಟಿ ನಡೀತೈತಿ. ಆ ದಿನ ಕೆಲವು ನಿಮಿಷ ಚಿತ್ರಾನೂ ಹೋಗ್ತೈತಿ, ಅದು ರಿಪೇರಿ ಅಲ್ಲ.

ಸುಮಾ ಅತ್ತಿ: ಹಂಗಾದ್ರ ಆಂಟೆನಾ ಬಿಟ್ಟೆ. ಹಳೇ ಎಲ್‌ಎನ್‌ಬಿ ಮ್ಯಾಲಿನ ಅಕ್ಷರ ಮಾಸ್ಯಾವ, ಫೋಟೋ ಹಾಕ್ತೀನಿ.

ಗದಗ ಕಾಕಾ: ಅಕ್ಷರ ಮಾಸಿದ್ರ ಹೊಸಾದ ತಗೋ. ಯೂನಿವರ್ಸಲ್ (ಅದ 9750/10600), ಒಂದ ಔಟ್‌ಪುಟ್. ಹಳೇದು ಹಚ್ಚಿ ಅರ್ಧ ದಿನ ಮಾಳಗಿ ಮ್ಯಾಲೆ ನಿಲ್ಲಬ್ಯಾಡ.