ಆಪೂಸ ಮಾವಿನ ಗಿಡದ ದಪ್ಪ ಟೊಂಗಿ ತಗಿಯೂದು ಹೆಂಗ?

ಪ್ರಶ್ನೆ: ಧಾರವಾಡದ ಹತ್ರ 20 ವರ್ಷದ ಆಪೂಸ ಗಿಡ, ನಡುವ ಬಿಸಲ ಬೀಳೂದಿಲ್ಲ. ತೊಡಿ ದಪ್ಪದ ಟೊಂಗಿ ಯಾವಾಗ, ಹೆಂಗ ಕಡೀಬೇಕು?

ಉತ್ತರ 1: ಕಾಯಿ ಇಳಿಸಿದ ಕೂಡ್ಲೇ, ಮಳಿ ಬಿಡುವು ಕೊಟ್ಟ ದಿನ ನೋಡ್ರಿ. ಮ್ಯಾಲಿಂದ ಒಂದ ಸಲಕ್ಕ ಕೊಯ್ದ್ರ ಟೊಂಗಿ ಭಾರಕ್ಕ ಜೋತು ಬಿದ್ದು ಬೊಡ್ಡಿ ತೊಗಟಿ ಹರಕೊಂಡು ಬರ್ತದ. ಟೊಂಗಿ ಬೊಡ್ಡಿಗೆ ಕೂಡೂ ಬುಡದಿಂದ ಒಂದಡಿ ಬಿಟ್ಟು, ಕೆಳಗಿಂದ ಮೂರರಾಗ ಒಂದ ಪಾಲು ಗರಗಸ ಹಾಕ್ರಿ. ಅಲ್ಲಿಂದ ತುದಿ ಕಡೆ ಎರಡ ಇಂಚು ಆಚೆ ಮ್ಯಾಲಿಂದ ಕೊಯ್ರಿ. ಕಡೀಕ ಮೋಟು ತಗೀರಿ, ಆದ್ರ ಬುಡದ ಉಬ್ಬು ಮುಟ್ಟಬ್ಯಾಡ್ರಿ. ಗಾಯ ಮುಚ್ಚೂದು ಅದರಿಂದನ.

ಉತ್ತರ 2: ಗಾಯಕ್ಕ ಬೋರ್ಡೋ ಮುಲಾಮು: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್‌ನ್ಯಾಗ ಕಲಸ್ರಿ. ಕಬ್ಬಿಣದ ಚಾಕು ಅದ್ದಿದಾಗ ಕೆಂಪಾದ್ರ ಸುಣ್ಣ ಕಡಿಮಿ ಆಗೇದ.

ಉತ್ತರ 3: ತಡಾ ಮಾಡಿ ಅಕ್ಟೋಬರದಾಗ ಕಡಿದ್ರ ಚಿಗುರು ಬಲಿಯಂಗಿಲ್ಲ, ಆ ವರ್ಷ ಹೂವು ಖೋತಾ.