ಹವಳದ ಟ್ಯಾಂಕಿಗೆ ಯಾವ ಪಂಪು? ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಇವತ್ತಿನ ವಿಷಯ, ಮನೆಯ ಉಪ್ಪುನೀರಿನ ಹವಳದ ಟ್ಯಾಂಕಿನಲ್ಲಿ ನೀರು ಸುತ್ತಿಸುವ ಸಲಕರಣೆ. ಉತ್ತರ ಕೊಡುವವರು ಕುಶಾಲನಗರ ಕಡೆ ಟ್ಯಾಂಕ್ ಕೂರಿಸಿ ಸರ್ವಿಸ್ ಮಾಡುವವರು. ಅಳತೆ ಬರೆಯದೆ ಯಾರೂ ಕೇಳಬೇಡಿ.

ಮಡಿಕೇರಿ: ನಮಸ್ಕಾರ ಸರ್. ಟ್ಯಾಂಕ್ 90×45×45 ಸೆಂ.ಮೀ. ಜೋವಾಂತಿಡ್, ಲೆದರ್, ಮಶ್ರೂಮ್ ಅನ್ನೋ ಮೆತ್ತನೆ ಹವಳ ಇವೆ. ಕೆಳಗಿನ ಸಂಪಿನಿಂದ ಬರುವ ರಿಟರ್ನ್ ಪಂಪ್ ಒಂದೇ ಸಾಕಾ, ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಕಲಕುವ ಪ್ರೊಪೆಲರ್ ಪಂಪ್) ಬೇಕೇ ಬೇಕಾ?

ಸರ್ವಿಸ್: ನಮಸ್ಕಾರ. ಬೇಕು. ರಿಟರ್ನ್ ಪಂಪ್ ನೀರನ್ನು ಮೇಲೆತ್ತುತ್ತೆ, ಅಷ್ಟೇ. ನಿಮ್ಮ ಟ್ಯಾಂಕ್ ಲೆಕ್ಕಕ್ಕೆ 182 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನೀರು ಸುಮಾರು 140. ಮೆತ್ತನೆ ಹವಳಕ್ಕೆ ಗಂಟೆಗೆ ಆ ನೀರಿನ 15ರಿಂದ 20 ಪಟ್ಟು ಹರಿವು ಸಾಕು, ಅಂದರೆ ಹೆಚ್ಚೆಂದರೆ 2800 ಲೀಟರ್. ಗಂಟೆಗೆ 3000 ಲೀಟರಿನ ಪ್ರೊಪೆಲರ್ ಪಂಪ್ ಎರಡು ತಗೊಂಡು ಎರಡನ್ನೂ ಅರ್ಧ ವೇಗದಲ್ಲಿ ಓಡಿಸಿ. ಒಂದೇ ದೊಡ್ಡದು ಹಾಕಿದರೆ ಎದುರಿನ ಹವಳಕ್ಕೆ ಪೆಟ್ಟು, ಕಲ್ಲಿನ ಹಿಂದೆ ಕಸ.
ಎಡಕ್ಕೊಂದು, ಬಲಕ್ಕೊಂದು, ನೀರಿನ ಮಟ್ಟದಿಂದ 5–8 ಸೆಂ.ಮೀ. ಕೆಳಗೆ. ಇನ್ನೂ ಮೇಲಿಟ್ಟರೆ ಗಾಳಿ ಎಳೆದು ಗುಳ್ಳೆ ಉಗುಳುತ್ತೆ. ಮುಖ ಹವಳದ ಕಡೆ ಬೇಡ, ಮುಂದಿನ ಗಾಜಿಗೆ ಓರೆಯಾಗಿರಲಿ, ನೀರು ಬಡಿದು ಚದುರಬೇಕು. ಲೆದರಿಗೆ ಹರಿವು ಚೆನ್ನಾಗಿ ಸಿಗಲಿ, ಅದು ಮೇಣದಂಥ ಪೊರೆ ಬಿಡುವಾಗ ನೀರೇ ತೊಳೆಯಬೇಕು. ಮಶ್ರೂಮ್ ಕೆಳಗೆ, ಮರೆಯಲ್ಲಿ. ಜೋರಾದರೆ ಕಲ್ಲು ಬಿಟ್ಟು ತೇಲಿಹೋಗುತ್ತೆ.

ವಿರಾಜಪೇಟೆ: 2 ಅಡಿ ಟ್ಯಾಂಕಿಗೆ ಯಾವ ಪಂಪ್ ಸರ್?

ಸರ್ವಿಸ್: ಎತ್ತರ, ಅಗಲ? ನೀರಿನ ಲೀಟರನ್ನು 20ರಿಂದ ಗುಣಿಸಿ.

ಸಿದ್ದಾಪುರ: ಟ್ಯಾಂಕ್ 120 ಲೀಟರ್. ತೋಟದ ಮನೆ, ಸಂಜೆ ವೋಲ್ಟೇಜ್ 170ಕ್ಕೆ ಇಳಿಯುತ್ತೆ. ಎಸಿ ಪಂಪಾ, ಡಿಸಿ ಪಂಪಾ?

ಸರ್ವಿಸ್: ಡಿಸಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಇದೆಯಾ ನೋಡಿ ತಗೊಳ್ಳಿ. ಎಸಿ ಪಂಪಿಗೆ 170ರಲ್ಲಿ ಎಳೆಯುವ ಶಕ್ತಿ ಇರಲ್ಲ. ಕರೆಂಟ್ ಹೋಗಿ ಬಂದಾಗ ರೋಟರ್ ತಿರುಗದೆ ಗುಂಯ್ ಅಂತ ನಿಂತು ಬಿಸಿಯಾಗುತ್ತೆ. ಹೂಮಳೆ ಹೊತ್ತಿನ ಗುಡುಗು ಸಿಡಿಲಿಗೆ ಅಡಾಪ್ಟರ್ ಸುಡುತ್ತೆ, ಒಂದು ಹೆಚ್ಚಿಗೆ ಇಟ್ಟುಕೊಳ್ಳಿ.

ಸೋಮವಾರಪೇಟೆ: ಡಿಸಿ ಕಂಟ್ರೋಲರ್ ಥಂಡಿಗೆ ಬೇಗ ಹೋಗುತ್ತೆ. ಎಸಿ ಹತ್ತು ವರ್ಷ ಓಡುತ್ತೆ.

ಸಿದ್ದಾಪುರ: ನಿಮ್ಮಲ್ಲಿ 230 ಇರಬಹುದು, ನಮ್ಮಲ್ಲಿ ಇಲ್ಲ ಮಾರಾಯ್ರೇ.

ಸೋಮವಾರಪೇಟೆ: ಸ್ಟೆಬಿಲೈಜರ್ ಹಾಕಿ.

ಸರ್ವಿಸ್: ಕಂಟ್ರೋಲರನ್ನು ಸಂಪಿನ ಪಕ್ಕ ಇಡಬೇಡಿ, ಗೋಡೆಗೆ ಎತ್ತರದಲ್ಲಿ ಹೊಡೆಯಿರಿ. ಥಂಡಿಯ ಮಾತು ಅಲ್ಲಿಗೆ ಮುಗೀತು.

ಸುಂಟಿಕೊಪ್ಪ: ಸರ್, 4 ಅಡಿ ಟ್ಯಾಂಕ್, ಸುಮಾರು 250 ಲೀಟರ್. ವೇವ್‌ಮೇಕರ್ ದುಬಾರಿ ಅಂತ ಕೂಲರಿನ ಪಂಪ್ ಎರಡು ಹಾಕಿದೆ. ಮೂರು ದಿನದಿಂದ ಜೋವಾಂತಿಡ್ ಮುಚ್ಚಿಕೊಂಡಿವೆ, ಸಿಗಡಿ ಎರಡೂ ಸತ್ತವು. ನೀರಿಗೆ ಕೈ ಹಾಕಿದರೆ ಬೆರಳು ಜುಂ ಅನ್ನುತ್ತೆ. ಹರಿವು ಹೆಚ್ಚಾಯಿತಾ?

ಸರ್ವಿಸ್: ಹರಿವಿನ ಮಾತು ಆಮೇಲೆ. ಮೊದಲು ಮೇನ್ ಆಫ್ ಮಾಡಿ. ಆ ಟ್ಯಾಂಕಿಗೆ ಯಾರೂ ಕೈ ಹಾಕಬಾರದು, ಮಕ್ಕಳನ್ನು ದೂರ ಇಡಿ. ಎಲ್ಲ ಪ್ಲಗ್ ಕಿತ್ತ ಮೇಲೆಯೇ ಪಂಪ್ ಹೊರಗೆ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು, ಕೆಲವು ಮನೆಯಲ್ಲಿ ಸ್ವಿಚ್ ನ್ಯೂಟ್ರಲ್ ತಂತಿಗೆ ಕೂತಿರುತ್ತೆ.
ಕೂಲರ್ ಪಂಪ್ ಸಿಹಿನೀರಿಗೆ ಮಾಡಿದ್ದು. ಅದರ ಸ್ಕ್ರೂ, ಶಾಫ್ಟ್ ಉಪ್ಪಿಗೆ ತುಕ್ಕು ಹಿಡಿಯುತ್ತೆ. ಕಾಯಿಲ್ ಮೇಲೆ ಸುರಿದ ಎಪಾಕ್ಸಿ ಬಿರುಕು ಬಿಟ್ಟರೆ ಉಪ್ಪುನೀರು ಒಳಗೆ ಇಳಿದು ತಾಮ್ರದ ತಂತಿ ಮುಟ್ಟುತ್ತೆ. ಆಗ ಎರಡು ಕೆಡುಕು ಒಟ್ಟಿಗೆ: ಕರೆಂಟ್ ನೀರಿಗೆ, ತಾಮ್ರವೂ ನೀರಿಗೆ. ಸಿಗಡಿಗೆ ಮೀನಿಗಿಂತ ಎಷ್ಟೋ ಕಡಿಮೆ ತಾಮ್ರ ಸಾಕು ಸಾಯಲಿಕ್ಕೆ. ಸಿಗಡಿ ಮೊದಲು ಹೋಗಿದ್ದು ನೋಡಿದರೆ ನನಗೆ ಅದೇ ಅನುಮಾನ.
ಎಲೆಕ್ಟ್ರಿಷಿಯನ್ ಕರೆಸಿ, ನೀರಿಗೂ ಅರ್ತಿಗೂ ನಡುವೆ ಎಸಿ ವೋಲ್ಟ್ ಅಳೆಸಿ. ಒಂದೊಂದೇ ಉಪಕರಣ ಹಾಕಿ ತೆಗೆದು ನೋಡಲಿ. ಸರಿ ಇರುವ ಟ್ಯಾಂಕಿನಲ್ಲೂ ಮೀಟರ್ ಒಂದಿಷ್ಟು ತೋರಿಸುತ್ತೆ, ಯಾವುದನ್ನು ಕಿತ್ತಾಗ ಧಡಕ್ಕನೆ ಇಳಿಯುತ್ತೋ ಅದೇ ಕಳ್ಳ. ಹೀಟರನ್ನೂ ಬಿಡಬೇಡಿ, ಗಾಜು ಸೀಳಿರಬಹುದು. ಟ್ಯಾಂಕಿನ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಅದಿಲ್ಲದೆ ನೀರಿಗೆ ಬರೀ ಅರ್ತ್ ಕಡ್ಡಿ ಇಳಿಸಬೇಡಿ. ಪ್ರತಿ ವೈರೂ ಸಾಕೆಟ್‌ಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗಲಿ, ಹನಿ ಕೆಳಗೇ ತೊಟ್ಟಿಕ್ಕಬೇಕು.

ಗೋಣಿಕೊಪ್ಪ: ಎಂಸಿಬಿ ಇದ್ದರೆ ಸಾಲದಾ? ಸುಮ್ಮನೆ ಹೆದರಿಸ್ತೀರಿ.

ಸರ್ವಿಸ್: ಸಾಲದು. ಎಂಸಿಬಿ ವೈರ್ ಉಳಿಸುತ್ತೆ. ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ.

ಗೋಣಿಕೊಪ್ಪ: ಸರಿ. ಇನ್ನೊಂದು ಫಾರ್ವರ್ಡ್ ಬಂದಿತ್ತು: ಪಂಪಿಗೆ ಪಾಚಿ ಕಟ್ಟದಿರಲು ಟ್ಯಾಂಕಿಗೆ ತಾಮ್ರದ ನಾಣ್ಯ, ಶಬ್ದ ಹೋಗಲು ಶಾಫ್ಟಿಗೆ ಕೊಬ್ಬರಿ ಎಣ್ಣೆ.

ಸರ್ವಿಸ್: ಮೇಲೆ ತಾಮ್ರಕ್ಕೆ ಸಿಗಡಿ ಸಾಯುತ್ತೆ ಅಂತ ಬರೆದು ಹತ್ತು ನಿಮಿಷ ಆಗಿಲ್ಲ. ನಾಣ್ಯ ತೆಗೆದರೂ ತಾಮ್ರ ಕಲ್ಲು, ಮರಳಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬಿಡುತ್ತಾ ಇರುತ್ತೆ. ಎಣ್ಣೆ ಬೇಡವೇ ಬೇಡ, ಈ ಪಂಪುಗಳಿಗೆ ನೀರೇ ಎಣ್ಣೆ. ಶಬ್ದಕ್ಕೆ ಕಾರಣ ಸುಣ್ಣದ ಗಟ್ಟಿ, ಸವೆದ ಬುಷ್, ಇಲ್ಲ ಸಿಕ್ಕಿಕೊಂಡ ಗಾಳಿ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಬಿಳಿ ವಿನೆಗರ್ ಅರ್ಧ, ನೀರು ಅರ್ಧ ಹಾಕಿ ಒಂದು ಗಂಟೆ ನೆನೆಸಿ. ಹಳೆ ಟೂತ್ ಬ್ರಷ್‌ನಿಂದ ಉಜ್ಜಿ ಚೆನ್ನಾಗಿ ತೊಳೆಯಿರಿ. ಇಂಥ ಫಾರ್ವರ್ಡ್ ಇನ್ನು ಇಲ್ಲಿಗೆ ತರಬೇಡಿ.

ಪೊನ್ನಂಪೇಟೆ: ವಿನೆಗರ್ ಬದಲು ಕಾಚಂಪುಳಿ ಆಗಲ್ವಾ? ಅದೂ ಹುಳಿಯೇ.

ವಿರಾಜಪೇಟೆ: ಕಾಚಂಪುಳಿ ಸುಲಭಕ್ಕೆ ಸಿಗುತ್ತಾ? ಪಂದಿ ಕರಿಗೆ ಇಟ್ಟಿದ್ದನ್ನು ಪಂಪಿಗೆ ಸುರಿಯೋದಾ?

ಪೊನ್ನಂಪೇಟೆ: ಕೇಳಿದರೆ ತಪ್ಪಾ? ಹುಣಸೆಹುಳಿಯಲ್ಲಿ ಹಿತ್ತಾಳೆ ತೊಳೆಯಲ್ವಾ?

ಸರ್ವಿಸ್: ಬೇಡ. ಕುದಿಸಿ ಇಳಿಸಿದ ಮಂದ ರಸ, ಪಂಪಿನ ಸಂದಿಯಲ್ಲಿ ಕೂರುತ್ತೆ. ವಿನೆಗರ್ ಇಲ್ಲದಿದ್ದರೆ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ.

ಪೊನ್ನಂಪೇಟೆ: ಅಕ್ರೋಪೋರಾ ಕಲ್ಲುಹವಳ ಇಡಬೇಕು, 200 ಲೀಟರ್. 50 ಪಟ್ಟು ಹರಿವು ಬೇಕಂತೆ?

ಸರ್ವಿಸ್: ಕಲ್ಲುಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಅನುಸೂಚಿಯಲ್ಲಿದೆ. ಅದಕ್ಕೆ ನಾನು ಪಂಪ್ ಹೇಳಲ್ಲ.

ಸೋಮವಾರಪೇಟೆ: ಅಂಗಡಿಯಲ್ಲಿ ಮಾರ್ತಾರಲ್ಲ!

ಮಡಿಕೇರಿ: ಮಾರಿದ ಮಾತ್ರಕ್ಕೆ ಸರಿಯಾಗುತ್ತಾ?

ಸೋಮವಾರಪೇಟೆ: ನಿಮ್ಮನ್ನು ಕೇಳಿಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ವಿರಾಜಪೇಟೆ: ಬೇಸಿಗೆಗೆ ಚಿಲ್ಲರ್ ಬೇಕಾ ಸರ್?

ನಾಪೋಕ್ಲು: 140 ಲೀಟರ್ ಟ್ಯಾಂಕ್, ಮಶ್ರೂಮ್ ಮಾತ್ರ. ಜುಲೈನಲ್ಲಿ ಎರಡು ದಿನ ಕರೆಂಟ್ ಇರಲ್ಲ. 150 ಆಂಪ್-ಅವರ್ ಬ್ಯಾಟರಿಯ ಇನ್ವರ್ಟರ್ ಇದೆ.

ಸರ್ವಿಸ್: ಒಂದೇ ಪಂಪ್ ಓಡಿಸಿ, ಮುಖ ಮೇಲಕ್ಕೆ, ನೀರಿನ ಮೈ ಕಲಕಬೇಕು. ಮೊದಲು ಕೊರತೆ ಬೀಳುವುದು ಆಮ್ಲಜನಕ. ಬ್ಯಾಟರಿ 1800 ವಾಟ್-ಅವರ್, ನಂಬಬಹುದಾದ್ದು ಸಾವಿರ. ಪಂಪ್ 15 ವಾಟ್, ಇನ್ವರ್ಟರ್ ತಾನೇ ತಿನ್ನುವುದು ಇನ್ನೊಂದು 15–20. ಹತ್ತಿರ 30 ಗಂಟೆ, ಅದೂ ಫ್ಯಾನ್ ಟಿವಿ ಹಾಕದಿದ್ದರೆ. ಹೀಟರ್ ಹಾಕಲೇಬೇಡಿ, ಮೂರು ಕಡೆ ಥರ್ಮಾಕೋಲ್ ಕಟ್ಟಿ. ಉಳಿದ ಹೊತ್ತಿಗೆ ಬ್ಯಾಟರಿ ಸೆಲ್ಲಿನ ಏರ್‌ಪಂಪ್. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಎಸಿ ಪಂಪ್ ಗುಂಯ್ ಅಂದು ಬಿಸಿಯಾಗುತ್ತೆ.

ವಿರಾಜಪೇಟೆ: 24 ವೋಲ್ಟ್ ಡಿಸಿ ಪಂಪನ್ನು ಎರಡು ಬ್ಯಾಟರಿ ಜೋಡಿಸಿ ನೇರ ಓಡಿಸಬಹುದಲ್ಲ? ಚಿಲ್ಲರ್ ಪ್ರಶ್ನೆಗೂ ಉತ್ತರ ಬಂದಿಲ್ಲ.

ಸರ್ವಿಸ್: ಚಾರ್ಜ್ ಆಗುವಾಗ ವೋಲ್ಟೇಜ್ 28 ದಾಟುತ್ತೆ, ಕಂಟ್ರೋಲರ್ ಸುಡಬಹುದು. ನಡುವೆ ರೆಗ್ಯುಲೇಟರ್ ಬೇಕು.

ಗೋಣಿಕೊಪ್ಪ: 2 ಅಡಿ ಟ್ಯಾಂಕಿಗೆ ಯಾವುದು?

ಸರ್ವಿಸ್: ಮೇಲೆ ಓದಿ.

ಸುಂಟಿಕೊಪ್ಪ: ಸರ್, ಎಲೆಕ್ಟ್ರಿಷಿಯನ್ ಬಂದಿದ್ದರು. ಒಂದು ಕೂಲರ್ ಪಂಪ್ ಕಿತ್ತ ಕೂಡಲೇ ಮೀಟರ್ 90ರಿಂದ 8ಕ್ಕೆ ಇಳಿಯಿತು. ಅಡಿಯಲ್ಲಿ ಬಿರುಕು, ಸುತ್ತ ಹಸಿರು ಕಿಲುಬು.

ಸರ್ವಿಸ್: ಆ ಹಸಿರೇ ತಾಮ್ರ. ಎರಡೂ ಪಂಪ್ ಎಸೆಯಿರಿ, ಇನ್ನೊಂದನ್ನು ಉಳಿಸಿಕೊಳ್ಳಬೇಡಿ. ಇವತ್ತು 60 ಲೀಟರ್ ನೀರು ಬದಲಿಸಿ, ಎರಡು ದಿನ ಬಿಟ್ಟು ಮತ್ತೆ 60. ಆರ್‌ಒ ನೀರಿಗೆ ಉಪ್ಪು ಕಲಸಿ, ಸಾಂದ್ರತೆ 1.025, ಬಿಸಿ ಟ್ಯಾಂಕಿನಷ್ಟೇ. ಹೊಸ ಆಕ್ಟಿವೇಟೆಡ್ ಕಾರ್ಬನ್ನಿನ ಜೊತೆ ತಾಮ್ರ ಹೀರುವ ರೆಸಿನ್ ಚೀಲ ಸಂಪಿನಲ್ಲಿ ಇಡಿ. ಪಂಪ್ ಬರುವ ತನಕ ಏರ್‌ಸ್ಟೋನ್ ಎರಡು ಓಡಲಿ. ತಾಮ್ರದ ಟೆಸ್ಟ್ ಕಿಟ್ ಸೊನ್ನೆ ತೋರಿಸಿದ ಮೇಲೂ ಎರಡು ವಾರ ಸಿಗಡಿ ತರಬೇಡಿ. ವಾರಕ್ಕೊಮ್ಮೆ ಟೆಸ್ಟ್ ಮಾಡಿ ಸಂಖ್ಯೆ ಇಲ್ಲೇ ಹಾಕಿ, ನೋಡ್ತೀನಿ.